ಆ ದೊಡ್ಡ ಕಾರು ಮೊದಲು ನೆಲಕ್ಕೆ ಕೂರಲಿ

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಈ ಸಲ ಊರಿಗೆ ಬಂದಾಗ ಎಂಪಿಸಿ ಬ್ರ್ಯಾಂಡಿನ 1976ರ ಶೆವ್ರಲೆ ಕ್ಯಾಪ್ರಿಸ್ ಕಾರಿನ ಪ್ಲಾಸ್ಟಿಕ್ ಮಾಡೆಲ್ ಕಿಟ್ ತಂದುಕೊಟ್ಟ, ನಾವೇ ಜೋಡಿಸಿ ಬಣ್ಣ ಹಚ್ಚುವಂಥದ್ದು. 1/25 ಅಳತೆಯದು, ಜೊತೆಗೊಂದು ಟ್ರೇಲರ್ ಇದೆ. ಹಿಂದೆ ಎರಡು ಜಪಾನಿ ಸಣ್ಣ ಕಾರುಗಳನ್ನು ಕಟ್ಟಿದ್ದೇನೆ, ಚೆನ್ನಾಗಿಯೇ ಬಂದಿವೆ. ಇದನ್ನು ಟೇಪ್ ಹಾಕಿ ಜೋಡಿಸಿ ನೋಡಿದರೆ ಮಾತ್ರ ಮಕ್ಕಳ ಆಟಿಕೆ ಥರ ಕಾಣುತ್ತದೆ. ಎಚಿಂಗ್ ಮಾಡಿದ, ಅಂದರೆ ತೆಳು ಹಾಳೆಯಲ್ಲಿ ಸೂಕ್ಷ್ಮವಾಗಿ ಕೊರೆದ ಲೋಹದ ಪಾರ್ಟ್ಸ್ ತರಿಸಿದರೆ ಸರಿಹೋಗುತ್ತದಾ? ಕ್ರೋಮ್, ವಿನೈಲ್ ಟಾಪ್ (ಕಾರಿನ ಚಾವಣಿಯ ರೆಕ್ಸಿನ್ ಥರದ ಹೊದಿಕೆ) ಎಲ್ಲ ಹೇಗೆ ಮಾಡುವುದು? — ಶಿವಮೊಗ್ಗದ ಓದುಗರು

ಉತ್ತರ: ಲೋಹದ ಪಾರ್ಟ್ಸ್ ಸದ್ಯಕ್ಕೆ ಬೇಡ. ಆ ದುಡ್ಡು ಹಾಗೇ ಇರಲಿ. ಟೇಪ್ ಹಾಕಿದ ಕಾರನ್ನು ಮೇಜಿನ ಮೇಲಿಟ್ಟು, ನೀವು ಕೆಳಗೆ ಕೂತು, ಕಣ್ಣು ಕಾರಿನ ಬಾಗಿಲಿನ ಮಟ್ಟಕ್ಕೆ ಬರುವಂತೆ ಒಂದು ಸಲ ನೋಡಿ. ಟೈರಿನ ಮೇಲೆ, ಮಡ್‌ಗಾರ್ಡ್ ಕಮಾನಿನ ಕೆಳಗೆ ಬೆರಳು ತೂರುವಷ್ಟು ಜಾಗ ಕಾಣುತ್ತಿದೆ ಅಲ್ವಾ? ಆಟಿಕೆ ಥರ ಕಾಣುವುದು ಅದಕ್ಕೇ. ಕಾರು ಕೂತಿಲ್ಲ, ಹೈ ಹೀಲ್ಸ್ ಹಾಕಿಕೊಂಡು ನಿಂತಿದೆ.

ಜಪಾನಿ ಸಣ್ಣ ಕಾರಿನಲ್ಲಿ ಒಂದೂವರೆ ಮಿಲಿಮೀಟರ್ ಹೆಚ್ಚುಕಮ್ಮಿ ಆದರೂ ನಡೆಯುತ್ತದೆ. ಇಂಥ ಕಾರಿನಲ್ಲಿ ನಡೆಯಲ್ಲ. ಯಾಕೆ ಅಂತ ಲೆಕ್ಕ ಹಾಕಿ ನೋಡೋಣ. 1976ರ ಕ್ಯಾಪ್ರಿಸ್ ಉದ್ದ 222.9 ಇಂಚು, ಅಂದರೆ 5.66 ಮೀಟರ್. ಅಗಲ 2 ಮೀಟರ್ ದಾಟುತ್ತದೆ. ನಮ್ಮ ಅಂಬಾಸಿಡರ್ 4.3 ಮೀಟರ್ ಚಿಲ್ಲರೆ. ಇನ್ನೊಂದು ಲೆಕ್ಕ ನನಗೆ ಇದಕ್ಕಿಂತ ಇಷ್ಟ. ಕ್ಯಾಪ್ರಿಸ್‌ನ ಎರಡು ಆಕ್ಸಲ್‌ಗಳ ನಡುವೆ 121.5 ಇಂಚು, ಅಂದರೆ 3.09 ಮೀಟರ್. ಹಾಗಾದರೆ ಚಕ್ರಗಳ ಆಚೆ ಈಚೆ ಚಾಚಿಕೊಂಡಿರುವ ಮೂತಿ ಮತ್ತು ಬಾಲ ಸೇರಿ 2.57 ಮೀಟರ್ ಆಯಿತು. ಅಂಬಾಸಿಡರ್‌ನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಇರುವ ದೂರವೇ 2.46 ಮೀಟರ್. ಅಂದರೆ ಈ ಕಾರಿನ ಬರೀ ನೇತಾಡುವ ಭಾಗ ಒಂದು ಅಂಬಾಸಿಡರ್‌ನ ನಡುವಿಗಿಂತ ಉದ್ದ! ಇಷ್ಟು ಉದ್ದದ, ಎರಡು ಟನ್‌ಗೆ ಹತ್ತಿರದ ಕಬ್ಬಿಣ ಮೆತ್ತನೆಯ ಸ್ಪ್ರಿಂಗ್‌ಗಳ ಮೇಲೆ ಕೂತಾಗ ತಣ್ಣಗೆ ಕೆಳಗಿಳಿದಿರುತ್ತದೆ. ನೋಡುವವರಿಗೆ ಭಾರ ಕಾಣಬೇಕು. ನಿಮ್ಮ ಕಿಟ್‌ನಲ್ಲಿ ಕಾಣದೇ ಇರುವುದು ಅದೊಂದೇ. ಕ್ರೋಮ್, ವಿನೈಲ್, ಬಣ್ಣ ಎಲ್ಲ ಆಮೇಲೆ.

ಕಿಟ್ ಹೀಗೆ ಯಾಕಿದೆ ಅನ್ನುವುದಕ್ಕೂ ಕಾರಣ ಇದೆ. ನಾನು ಇಪ್ಪತ್ತು ವರ್ಷ ಪ್ಲಾಸ್ಟಿಕ್ ಅಚ್ಚು ಮಾಡುವ ಕೆಲಸದಲ್ಲಿದ್ದವನು, ಹಾಗಾಗಿ ಈ ವಿಷಯ ಬಂದರೆ ಸ್ವಲ್ಪ ಮಾತು ಜಾಸ್ತಿ, ಸಹಿಸಿಕೊಳ್ಳಿ. ಆ ಕಾಲದಲ್ಲಿ ಅಮೆರಿಕದ ಕಾರು ಕಂಪನಿಗಳು ಪ್ರತಿ ವರ್ಷವೂ ಕಾರಿನ ಮುಖ ಬದಲಿಸುತ್ತಿದ್ದವು. ಶೋರೂಮಿನಲ್ಲಿ ಗಿರಾಕಿಗೆ ಕೊಡಲು ಅದೇ ವರ್ಷದ ಕಾರಿನ ಸಣ್ಣ ಪ್ಲಾಸ್ಟಿಕ್ ಮಾದರಿ ಬೇಕಾಗಿತ್ತು. ಅದಕ್ಕೆ ಪ್ರೊಮೊ ಅನ್ನುತ್ತಿದ್ದರು. ಟ್ರಾಯ್ ಊರಿನ ಎಎಂಟಿ, ಮೌಂಟ್ ಕ್ಲೆಮೆನ್ಸ್‌ನ ಎಂಪಿಸಿ, ಡೆಟ್ರಾಯ್ಟ್‌ನ ಜೋ-ಹ್ಯಾನ್, ಮೂರೂ ಮಿಷಿಗನ್ ರಾಜ್ಯದವೇ, ಈ ಪ್ರೊಮೊಗಳನ್ನು ಮಾಡುತ್ತಿದ್ದವು. ಅದೇ ಅಚ್ಚಿನಿಂದ ಕಿಟ್ ಕೂಡ ಬರುತ್ತಿತ್ತು. ಮಾರನೇ ವರ್ಷ ಸಾಮಾನ್ಯವಾಗಿ ಹೊಸ ಅಚ್ಚು ಮಾಡುತ್ತಿರಲಿಲ್ಲ. ಹಳೆಯದನ್ನೇ ಕೆತ್ತಿ, ಗ್ರಿಲ್ ಬದಲಿಸಿ, ಬಂಪರ್ ಬದಲಿಸಿ ಮುಂದಿನ ವರ್ಷದ ಕಾರು ಮಾಡುತ್ತಿದ್ದರು. ಹಾಗಾಗಿ ಎಷ್ಟೋ ವರ್ಷಗಳ ಕಾರುಗಳಿಗೆ ಅಚ್ಚೇ ಉಳಿದಿಲ್ಲ. ನಿಮ್ಮ ಕ್ಯಾಪ್ರಿಸ್ ಉಳಿದದ್ದು ಅದೃಷ್ಟ. 1977ಕ್ಕೆ ಶೆವ್ರಲೆಯ ಮಾತೃ ಕಂಪನಿ ಜನರಲ್ ಮೋಟರ್ಸ್ ಕ್ಯಾಪ್ರಿಸ್ ಅನ್ನು ಕತ್ತರಿಸಿ ಚಿಕ್ಕದು ಮಾಡಿತು, ಆಕ್ಸಲ್ ದೂರ 116 ಇಂಚಿಗೆ ಇಳಿಯಿತು. 1973ರ ತೈಲ ಬಿಕ್ಕಟ್ಟಿನ ಏಟು ಅದು. ಅಷ್ಟು ಚಿಕ್ಕದಾದ ಮೇಲೆ ಹಳೇ ಬಾಡಿಯ ಅಚ್ಚನ್ನು ಕೆತ್ತಿ ಹೊಸ ಕಾರು ತೆಗೆಯುವ ಮಾತೇ ಇಲ್ಲ. ಈಗ ಎಎಂಟಿ, ಎಂಪಿಸಿ ಎರಡು ಹೆಸರಿನ ಕಿಟ್‌ಗಳನ್ನೂ ಹೊರತರುವುದು ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನ ರೌಂಡ್ 2.

ಇದರಿಂದ ನಿಮಗೆ ಏನು ಉಪಯೋಗ? ಯಾವುದನ್ನು ನಂಬಬೇಕು, ಯಾವುದನ್ನು ನಂಬಬಾರದು ಅಂತ ಗೊತ್ತಾಗುತ್ತದೆ. ಹೊರಗಿನ ಬಾಡಿ ನಂಬಿ. ಪ್ರೊಮೊಗಳಿಗೆ ಕಾರು ಕಂಪನಿಗಳೇ ನಕ್ಷೆ ಕೊಡುತ್ತಿದ್ದವು, ಗಿರಾಕಿಯ ಕೈಗೆ ಹೋಗುವ ಮಾದರಿ ತಪ್ಪಾಗಿದ್ದರೆ ಅವರೇ ಬಿಡುತ್ತಿರಲಿಲ್ಲ. ಆದರೆ ಚಾಸಿ, ಎಂಜಿನ್, ಆಕ್ಸಲ್ ತೂತು, ಇವು ಹಳೆಯ ವರ್ಷಗಳಿಂದ ಸುಮ್ನೆ ಎಳೆದುಕೊಂಡು ಬಂದವು. ಆ ಕಾಲದ ಕೆಲವು ಕಿಟ್‌ಗಳಲ್ಲಿ ಮುಂದಿನ ಆಕ್ಸಲ್ ಸರಳು ಎಂಜಿನ್ನಿನ ಹೊಟ್ಟೆಯೊಳಗೇ ತೂರಿಕೊಂಡು ಹೋಗುತ್ತದೆ. ಇಂಥ ಚಾಸಿಯಿಂದ ಸರಿಯಾದ ಎತ್ತರ ಸಿಗಲಿ ಅಂತ ಕಾಯುವುದು ದಂಡ.

ಎತ್ತರ ಸರಿಮಾಡಲು ಸುಲಭ ದಾರಿ ಹೇಳುತ್ತೇನೆ. 1976ರ ಕ್ಯಾಪ್ರಿಸ್ ಅನ್ನು ಪೂರ್ತಿ ಪಕ್ಕದಿಂದ ತೆಗೆದ ಫೋಟೋ ಒಂದನ್ನು ಹುಡುಕಿ. ಆ ಕಾಲದ ಶೋರೂಮ್ ಬ್ರೋಷರ್‌ಗಳು ಸ್ಕ್ಯಾನ್ ಆಗಿ ಸಿಗುತ್ತವೆ, ಆದರೆ ಅದರಲ್ಲಿ ಚಿತ್ರ ಬಿಡಿಸಿದ ಕಾರು ಬೇಡ. ಕಲಾವಿದರು ಅದನ್ನು ಎಳೆದು ಉದ್ದ ಮಾಡಿರುತ್ತಾರೆ. ನಿಜವಾದ ಫೋಟೋ ಬೇಕು. ಅದರಲ್ಲಿ ಎರಡು ಚಕ್ರಗಳ ನಡುಮಧ್ಯದಿಂದ ನಡುಮಧ್ಯಕ್ಕೆ 123.4 ಮಿಲಿಮೀಟರ್ ಬರುವಂತೆ ಪ್ರಿಂಟ್ ಹಾಕಿಸಿ. ಪ್ರಿಂಟ್ ಅಂಗಡಿಯವನು ವಿಚಿತ್ರವಾಗಿ ನೋಡಬಹುದು, ನೋಡಲಿ. ಈಗ ನಿಮ್ಮ ಕೈಯಲ್ಲಿರುವುದು ಸರಿಯಾಗಿ 1/25 ಅಳತೆಯ ಫೋಟೋ. ರಟ್ಟಿಗೆ ಅಂಟಿಸಿ ಮಾಡೆಲ್ ಹಿಂದೆ ನಿಲ್ಲಿಸಿ.

ಚಕ್ರಗಳನ್ನು ಅಂಟಿಸಬೇಡಿ. ಬ್ಲೂ-ಟ್ಯಾಕ್ ಥರದ ಅಂಟು ಉಂಡೆಯಲ್ಲಿ ಹಿಡಿಸಿ, ಬಾಡಿಯನ್ನು ಮೆಲ್ಲಗೆ ಕೆಳಗೆ ಒತ್ತಿ, ಫೋಟೋದಲ್ಲಿ ಕಾಣುವಷ್ಟು ಟೈರ್ ಕಮಾನಿನೊಳಗೆ ಹೋಗುವವರೆಗೆ. ಹಿಂಬದಿ ಮುಂಬದಿಗಿಂತ ಒಂದು ಕೂದಲೆಳೆ ಕೆಳಗಿದ್ದರೂ ಚೆನ್ನ, ಮೇಲಿದ್ದರೆ ಮಾತ್ರ ಪೂರ್ತಿ ಕೆಟ್ಟಿತು. ಆಮೇಲೆ ಎಷ್ಟು ಇಳಿಯಿತು ಅಂತ ಅಳೆದು, ಚಾಸಿಯಲ್ಲಿ ಆಕ್ಸಲ್‌ಗೆ ಅಷ್ಟೇ ಮೇಲೆ ಹೊಸ ತೂತು ಕೊರೆಯಿರಿ. ಹಳೇ ತೂತು ಪ್ಲಾಸ್ಟಿಕ್ ಚೂರಿನಿಂದ ಮುಚ್ಚಿ. ಚಕ್ರ ಕಮಾನಿನಿಂದ ಹೊರಗೆ ಇಣುಕುತ್ತಿದೆಯಾ ಅಂತಲೂ ಮುಂದಿನಿಂದ ನೋಡಿ. ಆಕ್ಸಲ್ ಸರಳನ್ನು ಒಂದೊಂದು ಮಿಲಿಮೀಟರ್ ಕತ್ತರಿಸಿದರೆ ಒಳಗೆ ಹೋಗುತ್ತದೆ. ಕೊನೆಗೆ ಟೈರಿನ ತಳವನ್ನು ಅರ್ಧ ಮಿಲಿಮೀಟರ್ ಅರದಿಂದ ಉಜ್ಜಿ ಚಪ್ಪಟೆ ಮಾಡಿ. ಗಾಳಿ ತುಂಬಿದ ಟೈರ್ ಭಾರಕ್ಕೆ ಅಷ್ಟು ಅಮುಕಿರುತ್ತದೆ. ಅರ್ಧಕ್ಕಿಂತ ಜಾಸ್ತಿ ಬೇಡ, ಪಂಕ್ಚರ್ ಆದ ಹಾಗೆ ಕಾಣುತ್ತದೆ.

ಟೈರ್ ಮಾತು ಬಂತು, ಇಲ್ಲೇ ಮುಗಿಸಿಬಿಡುತ್ತೇನೆ. ಆ ಕಾಲದ ದೊಡ್ಡ ಕಾರುಗಳ ಟೈರ್ ಮೇಲೆ ಜಿಆರ್78-15, ಎಚ್‌ಆರ್78-15 ಅಂತೆಲ್ಲ ಇರುತ್ತಿತ್ತು. ಸುಮಾರು 28 ಇಂಚು ಎತ್ತರದವು. ನಿಮ್ಮ ಅಳತೆಗೆ ಸುಮಾರು 28 ಮಿಲಿಮೀಟರ್. ಕಿಟ್‌ನಲ್ಲಿ ದಪ್ಪನೆಯ ರೇಸ್ ಟೈರ್ ಕೂಡ ಇದ್ದರೆ ಅದನ್ನು ಪೆಟ್ಟಿಗೆಯಲ್ಲೇ ಬಿಡಿ. ಬಿಳಿ ಪಟ್ಟಿ ಒಂದು ಇಂಚಿನ ಆಸುಪಾಸು ಅಗಲ, ಅಂದರೆ ಮಾಡೆಲ್ ಮೇಲೆ ಹೆಚ್ಚೆಂದರೆ ಒಂದು ಮಿಲಿಮೀಟರ್. ಐವತ್ತರ ದಶಕದ ಕಾರಿನಂತೆ ಅಗಲ ಬಳಿದರೆ ಇಪ್ಪತ್ತು ವರ್ಷ ಹಿಂದಕ್ಕೆ ಹೋಗುತ್ತೀರಿ. ಇನ್ನೊಂದು ಮುಖ್ಯ ವಿಷಯ: ಮೆತ್ತನೆಯ ವಿನೈಲ್ ಟೈರುಗಳು ಕಿಟ್‌ನ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ತಿನ್ನುತ್ತವೆ. ವರ್ಷಗಟ್ಟಲೆ ತಾಗಿಕೊಂಡಿದ್ದರೆ ಚಕ್ರ ಕರಗಿ ಅಂಟಾಗುತ್ತದೆ. ಚಕ್ರದ ಸುತ್ತ ತೆಳುವಾದ ಅಲ್ಯೂಮಿನಿಯಂ ಹಾಳೆ ಸುತ್ತಿ ಟೈರ್ ಹಾಕಿ. ಪೆಟ್ಟಿಗೆಯಲ್ಲಿ ಟೈರುಗಳು ಗಾಜಿನ ಭಾಗದ ಜೊತೆ ಒಂದೇ ಕವರಿನಲ್ಲಿದ್ದರೆ ಇವತ್ತೇ ಬೇರೆ ಮಾಡಿ.

ಇನ್ನು ಬಾಡಿ. ಸೋಪು ನೀರಿನಲ್ಲಿ ತೊಳೆಯಿರಿ, ಅಚ್ಚಿನ ಎಣ್ಣೆ ಉಳಿದಿರುತ್ತದೆ. ಬೆಳಕಿಗೆ ಹಿಡಿದು ತಿರುಗಿಸಿ. ಮಡ್‌ಗಾರ್ಡಿನ ನೆತ್ತಿಯ ಮೇಲೆ ಉದ್ದಕ್ಕೂ ಒಂದು ಏಣು ಕಾಣುತ್ತದೆ, ಅಚ್ಚಿನ ಎರಡು ಹೋಳು ಸೇರಿದ ಜಾಗ ಅದು. ಉಜ್ಜಿ ತೆಗೆಯಿರಿ. ಬಾನೆಟ್ ಮೇಲೆ ಅಲ್ಲಲ್ಲಿ ಸಣ್ಣ ಗುಳಿ ಇರಬಹುದು. ಅಡಿಯಲ್ಲಿ ದಪ್ಪ ಪಟ್ಟಿ ಇದ್ದ ಕಡೆ ಪ್ಲಾಸ್ಟಿಕ್ ನಿಧಾನವಾಗಿ ತಣ್ಣಗಾಗಿ ಒಳಕ್ಕೆ ಸೆಳೆದುಕೊಂಡಿರುತ್ತದೆ. ನಾವು ಕಾರ್ಖಾನೆಯಲ್ಲಿ ಇದಕ್ಕೆ ಸಿಂಕ್ ಅನ್ನುತ್ತಿದ್ದೆವು. ಸಣ್ಣ ಕಾರಿನ ಉಬ್ಬು ಬಾನೆಟ್‌ನಲ್ಲಿ ಸಿಂಕ್ ಅಡಗಿಕೊಳ್ಳುತ್ತದೆ. ಇಲ್ಲಿ ಟೇಬಲ್ ಟೆನಿಸ್ ಆಡುವಷ್ಟು ಚಪ್ಪಟೆ ಬಾನೆಟ್, ಒಂದು ಗುಳಿಯೂ ತಪ್ಪಿಸಿಕೊಳ್ಳುವುದಿಲ್ಲ. ನುಣುಪು ಪುಟ್ಟಿ ಹಚ್ಚಿ, ಮರದ ತುಂಡಿಗೆ ಸುತ್ತಿದ ಸ್ಯಾಂಡ್‌ಪೇಪರಿನಿಂದ ಉಜ್ಜಿ. ಬೆರಳಿನಿಂದ ಒತ್ತಿ ಉಜ್ಜಿದರೆ ಗುಳಿ ಇನ್ನೂ ಆಳವಾಗುತ್ತದೆ. ಎಂ-ಸೀಲ್ ದೊಡ್ಡ ತೂತಿಗೆ ಸರಿ, ಇಷ್ಟು ನಯದ ಕೆಲಸಕ್ಕೆ ಒರಟು.

ಬಾಗಿಲು, ಡಿಕ್ಕಿ, ಬಾನೆಟ್ ಗೆರೆಗಳನ್ನು ಬಣ್ಣಕ್ಕೆ ಮುಂಚೆ ಆಳ ಮಾಡಿ. ಬ್ಲೇಡಿನ ಬೆನ್ನಿನಿಂದ, ಒತ್ತದೆ, ಹತ್ತು ಸಲ ಹಗುರವಾಗಿ ಎಳೆಯಿರಿ. ನಿಜವಾದ ಕಾರಿನ ಬಣ್ಣದ ಪದರ ಸುಮಾರು 0.1 ಮಿಲಿಮೀಟರ್. ನಾವು ಮಾಡೆಲ್‌ಗೆ ಹೊಡೆಯುವ ಪ್ರೈಮರ್, ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಹೊಳಪಿನ ಪದರ) ಸೇರಿ ಹೆಚ್ಚುಕಡಿಮೆ ಅಷ್ಟೇ ದಪ್ಪ ಬಂದುಬಿಡುತ್ತದೆ. ಅದನ್ನು 25ರಿಂದ ಗುಣಿಸಿ. ಎರಡೂವರೆ ಮಿಲಿಮೀಟರ್ ದಪ್ಪದ ಬಣ್ಣ ಬಳಿದ ಕಾರು! ಗೆರೆಗಳೆಲ್ಲ ತುಂಬಿಹೋಗದೆ ಇನ್ನೇನಾಗುತ್ತದೆ? ಹಾಗಾಗಿ ಬಣ್ಣ ಆದಷ್ಟು ತೆಳುವಾಗಿರಲಿ.

ಬಣ್ಣದ ವಿಷಯದಲ್ಲಿ ನನ್ನದೊಂದು ತಕರಾರಿದೆ. ಈಗ ಎಲ್ಲರೂ ಕ್ಲಿಯರ್ ಮೇಲೆ ಕ್ಲಿಯರ್ ಹೊಡೆದು, ಪಾಲಿಶ್ ಮಾಡಿ, ಕನ್ನಡಿ ಥರ ಮಾಡುತ್ತಾರೆ. ಆ ಕಾಲದಲ್ಲಿ ಜನರಲ್ ಮೋಟರ್ಸ್ ಕಾರುಗಳಿಗೆ ಅಕ್ರಿಲಿಕ್ ಲ್ಯಾಕರ್ ಹೊಡೆಯುತ್ತಿದ್ದರು, ಮೇಲೆ ಕ್ಲಿಯರ್ ಕೋಟ್ ಇರಲಿಲ್ಲ. ಹೊಳಪು ಇತ್ತು, ಆದರೆ ಒದ್ದೆ ಹೊಳಪಲ್ಲ. ಮೆಟಾಲಿಕ್ ಬಣ್ಣವಾದರೆ ತೆಳುವಾಗಿ ಒಂದೇ ಕ್ಲಿಯರ್ ಹೊಡೆದು ನಿಲ್ಲಿಸಿ. ಸಾದಾ ಬಣ್ಣವಾದರೆ ಕ್ಲಿಯರ್ ಬೇಡವೇ ಬೇಡ, ಬಣ್ಣವನ್ನೇ ಪಾಲಿಶ್ ಮಾಡಿ. ಬಣ್ಣ ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಕಪ್ಪು ಬೇಡ, ಕೆಂಪು ಬೇಡ. ಆ ವರ್ಷದ ಶೆವ್ರಲೆ ಪಟ್ಟಿಯಲ್ಲಿ ಫೈರ್‌ಥಾರ್ನ್, ಮಹಾಗನಿ, ಬಕ್‌ಸ್ಕಿನ್ ಅಂತ ಇದ್ದವು. ಒಂದು ಹುಣಸೆಹಣ್ಣಿನ ರಸದ ಕೆಂಪು, ಇನ್ನೊಂದು ಬೀಟೆ ಮರದ ಬಣ್ಣ, ಮತ್ತೊಂದು ಹಾಲು ಜಾಸ್ತಿ ಹಾಕಿದ ಕಾಫಿ. ಎಪ್ಪತ್ತರ ದಶಕ ಅಂದರೆ ಅದೇ.

ಮಾಡೆಲ್ ಬಣ್ಣ ಸಿಗದಿದ್ದರೆ ಕಾರಿನ ಬಣ್ಣ ಬೆರೆಸಿಕೊಡುವ ಅಂಗಡಿಯಲ್ಲಿ 50 ಮಿಲಿಲೀಟರ್ ಬೆರೆಸಿಕೊಳ್ಳಬಹುದು. ಬೆಂಗಳೂರಿಗೆ ಬಂದರೆ ಜೆ.ಸಿ. ರಸ್ತೆ ಕಡೆ ಒಂದು ಸುತ್ತು ಹಾಕಿ. ಮೆಟಾಲಿಕ್ ಆದರೆ ಅತಿ ಸಣ್ಣ ಕಣ ಕೇಳಿ, ಇಲ್ಲದಿದ್ದರೆ ಕಾರಿನ ಮೇಲೆ ಮಿಂಚು ಪುಡಿ ಉದುರಿಸಿದ ಹಾಗಾಗುತ್ತದೆ. ಆ ಥಿನ್ನರ್ ಖಾರ ಜಾಸ್ತಿ, ಪ್ಲಾಸ್ಟಿಕ್ಕನ್ನು ಸುಡುತ್ತದೆ. ಪ್ರೈಮರ್ ಪೂರ್ತಿ ಮುಚ್ಚಿರಬೇಕು, ಮೊದಲ ಎರಡು ಕೋಟ್ ಮಂಜು ಬಿದ್ದಂತೆ ಒಣಗಲು ಹೊಡೆಯಬೇಕು.

ನೀವು ಶಿವಮೊಗ್ಗದವರು, ಮಳೆಗಾಲದ ಬಗ್ಗೆ ಎಚ್ಚರ. ನಾನೊಮ್ಮೆ ತೀರ್ಥಹಳ್ಳಿಯ ನೆಂಟರ ಮನೆಯಲ್ಲಿ, ಆಷಾಢದ ಸಂಜೆ, ಆತುರಕ್ಕೆ ಬಿದ್ದು ಒಂದು ಕಡು ನೀಲಿ ಕಾರಿಗೆ ಲ್ಯಾಕರ್ ಹೊಡೆದೆ. ಐದು ನಿಮಿಷಕ್ಕೆ ಕಾರಿನ ಮೇಲೆ ವಿಭೂತಿ ಬಳಿದಂತೆ ಬಿಳಿ ಬಂತು. ಥಿನ್ನರ್ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಬಣ್ಣದ ಮೇಲೆ ಕೂತುಬಿಡುತ್ತದೆ. ನೆಂಟರ ಹುಡುಗ ಮಾತ್ರ ಮಂಜು ಮುಸುಕಿದ ಕಾರು ಅಂತ ಖುಷಿಪಟ್ಟ. ಒಣ ಹವೆಯ ದಿನ ಬರೀ ಥಿನ್ನರ್ ಅನ್ನು ತೆಳುವಾಗಿ ಎರಚಿದಾಗ ಹೆಚ್ಚಿನ ಬಿಳುಪು ಹೋಯಿತು, ಬಾಗಿಲ ಮೂಲೆಯಲ್ಲಿ ಸ್ವಲ್ಪ ಇನ್ನೂ ಇದೆ. ಬಣ್ಣ ಹೊಡೆಯುವುದನ್ನು ದೀಪಾವಳಿ ಕಳೆದ ಮೇಲೆ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಆಕ್ಸಲ್, ಪುಟ್ಟಿ, ಗೆರೆ ಕೆಲಸವೇ ಬೇಕಾದಷ್ಟಿದೆ.

ಕ್ರೋಮ್‌ಗೆ ಬರೋಣ. ಕಿಟಕಿ ಸುತ್ತ, ಕಮಾನಿನ ಅಂಚು, ಬಾಗಿಲಿನ ಕೆಳಗಿನ ಉದ್ದ ಪಟ್ಟಿ, ಇವೆಲ್ಲ ಬಾಡಿಯ ಮೇಲೇ ಅಚ್ಚಾಗಿವೆ. ಬೆಳ್ಳಿ ಬಣ್ಣ ಬಳಿದರೆ ಬೆಳ್ಳಿ ಬಣ್ಣದ ಹಾಗೇ ಕಾಣುತ್ತದೆ, ಕ್ರೋಮ್ ಹಾಗಲ್ಲ. ಬೇರ್-ಮೆಟಲ್ ಫಾಯಿಲ್ ಅಂತ ಬರುತ್ತದೆ. ಹಿಂದೆ ಅಂಟು ಇರುವ ತೀರಾ ತೆಳುವಾದ ಅಲ್ಯೂಮಿನಿಯಂ ಹಾಳೆ. ಲೋಹದ ಪಾರ್ಟ್ಸ್‌ಗೆ ಇಟ್ಟ ದುಡ್ಡನ್ನು ಇದಕ್ಕೆ ಹಾಕಿ, ಅಣ್ಣನಿಗೆ ಹೇಳಿದರೆ ಲಕೋಟೆಯಲ್ಲೇ ಕಳಿಸಬಹುದು. ಹೊಸ ಬ್ಲೇಡಿನಿಂದ ಪಟ್ಟಿ ಕತ್ತರಿಸಿ, ಬೇಕಿದ್ದಕ್ಕಿಂತ ಸ್ವಲ್ಪ ಅಗಲವಾಗಿ ಹಾಸಿ, ಹಲ್ಲುಕಡ್ಡಿಯಿಂದ ಅಂಚಿಗೆ ಒತ್ತಿ, ಆಮೇಲೆ ಅಂಚಿನುದ್ದಕ್ಕೂ ಕೊಯ್ದು ಉಳಿದದ್ದು ಎತ್ತಿ. ಬ್ಲೇಡ್ ಮೊಂಡಾದ ಕ್ಷಣ ಹಾಳೆ ಹರಿಯುತ್ತದೆ. ಒಂದು ಕಾರಿಗೆ ನಾಲ್ಕೈದು ಬ್ಲೇಡ್ ಹೋಗುತ್ತವೆ, ಅದರಲ್ಲಿ ಜಿಪುಣತನ ಬೇಡ. ಕಾಜು ಬರ್ಫಿ ಮೇಲಿನ ಬೆಳ್ಳಿ ವರ್ಕ್ ಅಂಟಿಸಬಹುದಾ ಅಂತ ಒಬ್ಬರು ಕೇಳಿದ್ದರು. ನಾನೂ ಒಮ್ಮೆ ನೋಡಿದೆ. ಉಸಿರು ತಾಗಿದರೆ ಹಾರುತ್ತದೆ, ಬೆರಳು ತಾಗಿದರೆ ಮಾಯ. ಬರ್ಫಿ ಮೇಲೇ ಇರಲಿ ಅದು.

ಬಾಡಿಯ ಮೇಲಿನ ಸಣ್ಣ ಅಕ್ಷರಗಳಿಗೆ, ಅಂದರೆ ಮಡ್‌ಗಾರ್ಡ್ ಮೇಲೆ ಅಕ್ಕಿಕಾಳಿಗಿಂತ ಚಿಕ್ಕದಾಗಿ ಉಬ್ಬಿರುವ ಕಾರಿನ ಹೆಸರಿಗೆ, ಬೇರೆ ಉಪಾಯ. ಇದು ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಪ್ರೈಮರ್ ಆದ ಮೇಲೆ, ಬಣ್ಣಕ್ಕೆ ಮುಂಚೆ, ಆ ಹೆಸರಿನ ಮೇಲೆ ಫಾಯಿಲ್ ಚೂರು ಅಂಟಿಸಿ. ಹತ್ತಿ ಕಡ್ಡಿಯಿಂದ ಅಕ್ಷರಗಳು ಎದ್ದು ಕಾಣುವವರೆಗೆ ತಿಕ್ಕಿ. ಅಕ್ಷರಗಳ ಹತ್ತಿರಕ್ಕೆ ಸುತ್ತ ಕತ್ತರಿಸಿ. ಈಗ ಅದರ ಮೇಲೇ ಬಣ್ಣ ಹೊಡೆಯಿರಿ, ಹೆಸರು ಮುಚ್ಚಿಹೋಗುತ್ತದೆ. ಗಾಬರಿ ಬೇಡ. ಬಣ್ಣ ಇನ್ನೂ ಪೂರ್ತಿ ಗಟ್ಟಿಯಾಗುವ ಮುಂಚೆ, ಹಲ್ಲುಕಡ್ಡಿಯ ತುದಿಯನ್ನು ಥಿನ್ನರ್‌ನಲ್ಲಿ ಅದ್ದಿ, ಬಟ್ಟೆಗೆ ಒರೆಸಿ, ಬರೀ ತೇವ ಉಳಿದಾಗ ಅಕ್ಷರದ ನೆತ್ತಿಯ ಮೇಲೆ ಅಡ್ಡಕ್ಕೆ ಸವರಿ. ಒಂದು ಸಲ, ಎರಡು ಸಲ. ಮೂರನೇ ಸಲಕ್ಕೆ ಬಣ್ಣದೊಳಗಿಂದ ಒಂದು ಬೆಳ್ಳಿ ಗೆರೆ ಮಿನುಗುತ್ತದೆ, ಆಮೇಲೆ ಅಕ್ಷರ ಅಕ್ಷರವಾಗಿ ಹೆಸರು ಎದ್ದು ಬರುತ್ತದೆ. ಅಕ್ಷರಗಳ ನಡುವಿನ ಸಂದಿಯಲ್ಲಿ ಕಾರಿನ ಬಣ್ಣ ಹಾಗೇ ಉಳಿದಿರುತ್ತದೆ. ಯಾವ ಕುಂಚದಿಂದಲೂ ಇಷ್ಟು ಚೂಪಾಗಿ ಬರೆಯಲು ಆಗಲ್ಲ. ಬಣ್ಣ ತೀರಾ ಒಣಗಿದ್ದರೆ ಥಿನ್ನರ್ ಬದಲು ಅತಿ ನಯವಾದ ಪೇಪರಿನ ಚೂರಿನಿಂದ ನೆತ್ತಿ ಮಾತ್ರ ಉಜ್ಜಿ.

ಬಂಪರ್, ಗ್ರಿಲ್‌ಗೆ ಕಿಟ್‌ನಲ್ಲೇ ಕ್ರೋಮ್ ಲೇಪ ಇದೆ. ತೆಗೆಯಬೇಕಾ? ನನ್ನ ಪ್ರಕಾರ ಅಚ್ಚಿನ ಏಣು ಎದ್ದು ಕಾಣದಿದ್ದರೆ ಹಾಗೇ ಬಿಡಿ. ಆ ಕಾರುಗಳ ಬಂಪರ್ ನಿಜಕ್ಕೂ ಅಷ್ಟು ಹೊಳೆಯುತ್ತಿತ್ತು. ಗ್ರಿಲ್‌ನ ಚೌಕುಳಿಗಳಿಗೆ ಮಾತ್ರ ತೆಳು ಕಪ್ಪು ಬಣ್ಣ ಹರಿಸಿ, ಮೇಲ್ಮೈಯನ್ನು ಒರೆಸಿಬಿಡಿ. ತಕ್ಷಣ ಆಳ ಬರುತ್ತದೆ. ಏಣು ಇದ್ದರೆ ಲೇಪ ಬಿಡಿಸಿ: ಕಿರಾಣಿ ಅಂಗಡಿಯ ಬ್ಲೀಚಿಂಗ್ ದ್ರಾವಣದಲ್ಲಿ ಮುಳುಗಿಸಿಟ್ಟರೆ ಕ್ರೋಮ್ ಬಿಟ್ಟುಕೊಳ್ಳುತ್ತದೆ. ಅದಕ್ಕೆ ಟಾಯ್ಲೆಟ್ ತೊಳೆಯುವ ಆಸಿಡ್ ಅಥವಾ ಬೇರೆ ಯಾವುದೇ ಕ್ಲೀನರ್ ಒಂದು ಹನಿಯೂ ಬೆರೆಯಬಾರದು, ವಿಷದ ಕ್ಲೋರಿನ್ ಗಾಳಿ ಏಳುತ್ತದೆ. ಕಿಟಕಿ ತೆಗೆದಿಟ್ಟು, ಗ್ಲೌಸ್ ಹಾಕಿಯೇ ಮಾಡಿ. ಆಮೇಲೆ ಏಣು ಉಜ್ಜಿ, ಹೊಳೆಯುವ ಕಪ್ಪು ಹೊಡೆದು, ಅದು ಪೂರ್ತಿ ಒಣಗಿದ ಮೇಲೆ ಆಲ್‌ಕ್ಲ್ಯಾಡ್ ಥರದ ಕ್ರೋಮ್ ಬಣ್ಣ ಅತಿ ತೆಳುವಾಗಿ.

ಬಂಪರ್ ಬಗ್ಗೆ ಒಂದು ಮಾತು. 1973ರ ಮಾದರಿಗಳಿಂದ ಅಮೆರಿಕದ ಸರ್ಕಾರ ಒಂದು ನಿಯಮ ತಂದಿತು. ಗಂಟೆಗೆ 5 ಮೈಲಿ ವೇಗದಲ್ಲಿ ಮುಂದಿನಿಂದ ಗುದ್ದಿದರೂ ಲೈಟು, ರೇಡಿಯೇಟರ್‌ನಂಥ ಮುಖ್ಯ ಭಾಗಗಳು ಕೆಲಸ ಮಾಡುತ್ತಿರಬೇಕು. 1974ಕ್ಕೆ ಹಿಂದಿನ ಬಂಪರ್‌ಗೂ 5 ಮೈಲಿ ಬಂತು. ಅದಕ್ಕೆ ಬಂಪರ್ ಬಾಡಿಯಿಂದ ಹೊರಗೆ ನಿಂತು, ಗುದ್ದಿದಾಗ ಒಳಗೆ ಸರಿಯುವಂತೆ ಮಾಡಿದರು. ನಡುವಿನ ಸಂದಿಯನ್ನು ಮೆತ್ತನೆಯ ಪ್ಲಾಸ್ಟಿಕ್ ತುಂಡಿನಿಂದ ಮುಚ್ಚಿದರು. ಆ ತುಂಡಿಗೆ ಬಾಡಿಯ ಬಣ್ಣವೇ ಇತ್ತು, ಆದರೆ ಪ್ಲಾಸ್ಟಿಕ್ ಮೇಲೆ ಹೊಳಪು, ಛಾಯೆ ಎರಡೂ ಕೂದಲೆಳೆ ಬೇರೆ ಕಾಣುತ್ತಿತ್ತು. ಕೆಲವು ವರ್ಷ ಬಿಸಿಲಿಗೆ ನಿಂತ ಮೇಲೆ ಅವೇ ಮೊದಲು ಬಿರುಕು ಬಿಡುತ್ತಿದ್ದವು. ನಿಮ್ಮ ಬಣ್ಣಕ್ಕೆ ಒಂದು ಹನಿ ಬೂದು ಬೆರೆಸಿ, ಹೊಳಪು ತುಸು ಕಡಿಮೆ ಮಾಡಿ, ಆ ಜಾಗಕ್ಕೆ ಮಾತ್ರ ಹಚ್ಚಿ. ನೋಡುವವರು ಏನು ಅಂತ ಬೆರಳಿಟ್ಟು ಹೇಳಲಾರರು, ಆದರೆ ಕಾರು ಪ್ಲಾಸ್ಟಿಕ್‌ನಲ್ಲಿ ಒಂದೇ ಎರಕ ಹೊಯ್ದದ್ದು ಅನ್ನಿಸುವುದಿಲ್ಲ.

ವಿನೈಲ್ ಟಾಪ್‌ಗೂ ಇದೇ ಮಾತು, ಹೊಳಪು ಬೇರೆ ಇರಬೇಕು. ನಿಮ್ಮ ಬಾಡಿಯ ಮೇಲೆ ವಿನೈಲ್ ತರಿ ಅಚ್ಚಾಗಿದ್ದರೂ ಅದು ಅಳತೆಗೆ ತುಂಬ ಒರಟು, 25 ಪಟ್ಟು ಹಿಗ್ಗಿಸಿದರೆ ಮೊಸಳೆ ಚರ್ಮ. ಉಜ್ಜಿ ಸವೆಸಿ. ಮೆಡಿಕಲ್ ಶಾಪಿನಲ್ಲಿ ಗಾಯಕ್ಕೆ ಸುತ್ತುವ ಮೈಕ್ರೊಪೋರ್ ಅನ್ನುವ ಪೇಪರ್ ಟೇಪ್ ಸಿಗುತ್ತದೆ, ಅಗಲದ ಸುರುಳಿ ತನ್ನಿ. ಅದರ ತರಿ 1/25ಕ್ಕೆ ಸರಿಯಾಗಿ ಹೊಂದುತ್ತದೆ. ನಿಜವಾದ ವಿನೈಲ್ ಟಾಪ್‌ನಲ್ಲಿ ಸಾಮಾನ್ಯವಾಗಿ ಮುಂಗಾಜಿನಿಂದ ಹಿಂಗಾಜಿಗೆ ಉದ್ದಕ್ಕೆ ಎರಡು ಹೊಲಿಗೆ ಇರುತ್ತವೆ. ಕಿಟ್‌ನ ಭಾಗಗಳನ್ನು ಹಿಡಿದಿಟ್ಟಿರುವ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ ಕಾಯಿಸಿ ಎಳೆದರೆ ಕೂದಲಿನಂಥ ಎಳೆ ಬರುತ್ತದೆ. ಹೊಲಿಗೆ ಇರುವಲ್ಲಿ ಅದನ್ನು ಮೊದಲು ಅಂಟಿಸಿ, ಮೇಲೆ ಟೇಪ್ ಹಾಸಿ, ಉಗುರಿನಿಂದ ಒತ್ತಿದರೆ ಹೊಲಿಗೆ ಉಬ್ಬುತ್ತದೆ. ಅಂಚು ಕತ್ತರಿಸಿ, ತೆಳು ಬಣ್ಣ ಎರಡು ಸಲ. ಪೂರ್ತಿ ಮ್ಯಾಟ್ ಬೇಡ, ಹೊಸ ಚಪ್ಪಲಿಯ ಪಟ್ಟಿಯಷ್ಟು ಹೊಳಪು ಸಾಕು. ಅಂಚಿಗೆ ಫಾಯಿಲ್ ಪಟ್ಟಿ ಬಂದ ಮೇಲೆ ಟೇಪಿನ ಕೊನೆ ಮುಚ್ಚಿಹೋಗುತ್ತದೆ. ಹಳೇ ಕಾರು ಮಾಡುವ ಆಸೆ ಇದ್ದರೆ, ಹಿಂಗಾಜಿನ ಕೆಳಮೂಲೆಯಲ್ಲಿ ಟೇಪಿನಡಿ ಅಂಟಿನ ಸಣ್ಣ ಹನಿಗಳನ್ನು ಒಣಗಿಸಿಟ್ಟರೆ ಗುಳ್ಳೆ ಬರುತ್ತದೆ. ವಿನೈಲ್ ಅಡಿ ನೀರು ನಿಂತು ತುಕ್ಕು ಶುರುವಾಗುತ್ತಿದ್ದುದು ಅಲ್ಲೇ.

ಒಳಗಿನ ಭಾಗಕ್ಕೆ ಜಾಸ್ತಿ ಹೇಳುವುದಿಲ್ಲ. ಸೀಟು, ಬಾಗಿಲು, ಡ್ಯಾಶ್, ಕಾರ್ಪೆಟ್, ಸ್ಟೀರಿಂಗ್ ಎಲ್ಲ ಒಂದೇ ಬಣ್ಣದ ಕುಟುಂಬದವು, ಹೊಳಪು ಮಾತ್ರ ಬೇರೆ ಬೇರೆ. ಕಪ್ಪು ಒಳಾಂಗಣ ಮಾಡಿದರೆ ಏನೂ ಕಾಣಲ್ಲ. ಗಾಜು ಅಂಟಿಸಲು ಸಾದಾ ಫೆವಿಕಾಲ್ ಸಾಕು, ಒಣಗಿದರೆ ಪಾರದರ್ಶಕ. ಕ್ವಿಕ್ ಗಮ್ ಜಾತಿಯ ಅಂಟು ಗಾಜಿನ ಹತ್ತಿರ ಬೇಡ, ಅದರ ಆವಿ ಗಾಜಿಗೆ ಮಬ್ಬು ಹಿಡಿಸುತ್ತದೆ.

ಬಾನೆಟ್ ತೆರೆದಿಡುವವರಾದರೆ ಎಂಜಿನ್ ಕಿತ್ತಳೆ ಬಣ್ಣ. ಶೆವ್ರಲೆ ಎಂಜಿನ್‌ಗಳು ನೀಲಿಯಾದದ್ದು 1977ರಿಂದ. ಎಂಜಿನ್ನಿನ ಹಿಂಬದಿಯಲ್ಲಿ, ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ದೊಡ್ಡದಿರಬೇಕು, 1975ರಿಂದ ಜನರಲ್ ಮೋಟರ್ಸ್ ಎಲ್ಲ ಕಾರಿಗೂ ಎಚ್‌ಇಐ ಅನ್ನುವ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿತ್ತು, ಅದರ ಟೋಪಿಯೇ ಅಷ್ಟು ದಪ್ಪ. ಕಿಟ್‌ನಲ್ಲಿ ಚಿಕ್ಕದಿದ್ದರೆ ಬದಲಿಸಿ. ಪ್ಲಗ್ ವೈರು ಎಂಟು, ಒಂದೊಂದೂ 0.3 ಮಿಲಿಮೀಟರ್ ದಪ್ಪ. ಮಾಡೆಲ್ ಮಾಡುವವರು ಹಾಕುವ ವೈರು ಸಾಮಾನ್ಯವಾಗಿ ಹಗ್ಗದಷ್ಟಿರುತ್ತದೆ. ಅಡಿಯಲ್ಲಿ ಎರಡು ಸೈಲೆನ್ಸರ್ ಪೈಪ್ ಕಂಡರೆ ಅದು ಹಳೇ ವರ್ಷದ ಚಾಸಿಯ ಉಳಿಕೆ ಇರಬಹುದು. 1975ರಿಂದ ಹೊಗೆಯ ವಿಷ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಬಂದು ಎಲ್ಲ ಹೊಗೆಯೂ ಒಂದೇ ಪೈಪಿನಲ್ಲಿ ಹೋಗತೊಡಗಿತು.

ಏರಿಯಲ್ ಹಾಕಬೇಡಿ. ಒಳ್ಳೊಳ್ಳೆ ಕೈಯವರೂ ಇಲ್ಲಿ ಎಡವುತ್ತಾರೆ, ಮಡ್‌ಗಾರ್ಡ್ ಮೇಲೆ ಚಂದದ ತಂತಿ ನೆಟ್ಟುಬಿಡುತ್ತಾರೆ. ಈ ಕಾರುಗಳಲ್ಲಿ ಏರಿಯಲ್ ಮುಂಗಾಜಿನೊಳಗೇ ಕೂದಲಿನಂಥ ತಂತಿಯಾಗಿತ್ತು. ಹೆಡ್‌ಲೈಟ್ ಆಯತಾಕಾರದ್ದು, ಪಕ್ಕಕ್ಕೆ ಎರಡರಂತೆ ನಾಲ್ಕು. ಒಂದೊಂದೂ ನಿಮ್ಮ ಅಳತೆಗೆ 6.6 ಮಿಲಿಮೀಟರ್ ಅಗಲ, 4 ಎತ್ತರ. ಕ್ರೋಮ್ ಮೇಲೆ ಉಗುರಿಗೆ ಹಚ್ಚುವ ಯುವಿ ಜೆಲ್ ಒಂದು ಹನಿ ಹಾಕಿ ಗಟ್ಟಿ ಮಾಡಿದರೆ ಗಾಜಿನ ಹಾಗಿರುತ್ತದೆ. ಪಕ್ಕದ ಪುಟ್ಟ ಲೈಟು ಮುಂದೆ ಕಿತ್ತಳೆ, ಹಿಂದೆ ಕೆಂಪು. ಹಿಂದಿನ ದೀಪಕ್ಕೆ ಟಮಿಯಾ ಕಂಪನಿಯ ಎಕ್ಸ್-27 ಅನ್ನುವ ಪಾರದರ್ಶಕ ಕೆಂಪು ಬಣ್ಣ, ಕ್ರೋಮ್ ಮೇಲೇ. ನಂಬರ್ ಪ್ಲೇಟ್ 12.2 ಮಿಲಿಮೀಟರ್ ಅಗಲ, 6.1 ಎತ್ತರ. ಕಿಟ್ ಹುಟ್ಟಿದ ಮಿಷಿಗನ್ ರಾಜ್ಯದ್ದೇ ಹಾಕುವುದಾದರೆ 1976ರಲ್ಲಿ ಅಮೆರಿಕದ ಇನ್ನೂರನೇ ವರ್ಷಕ್ಕೆಂದು ಕೆಂಪು, ಬಿಳಿ, ನೀಲಿಯ ಪ್ಲೇಟ್ ಬಂದಿತ್ತು. ಪ್ರಿಂಟ್ ತೆಗೆದು ಅಂಟಿಸಬಹುದು.

ಟ್ರೇಲರ್ ಬಗ್ಗೆ. ಕಾರು ಮುಗಿಯುವವರೆಗೆ ಅದನ್ನು ಮುಟ್ಟಬೇಡಿ. ಆಮೇಲೆ ಎರಡನ್ನೂ ಸೇರಿಸಿ ನಿಲ್ಲಿಸುವ ಮನಸ್ಸಿದ್ದರೆ ಆಕ್ಸಲ್ ತೂತು ಕೊರೆಯುವಾಗಲೇ ನಿರ್ಧರಿಸಿ. ಕೊಕ್ಕೆಯ ಮೇಲೆ ಟ್ರೇಲರಿನ ಭಾರ ಬಿದ್ದಾಗ ಈ ಕಾರುಗಳ ಬಾಲ ಚೆನ್ನಾಗಿ ಇಳಿಯುತ್ತಿತ್ತು, ಮೂತಿ ಸ್ವಲ್ಪ ಏಳುತ್ತಿತ್ತು. ಹಿಂಬದಿ ಇನ್ನೊಂದು ಮಿಲಿಮೀಟರ್ ಕೂರಿಸಿ.